ಯಾವ ನಾವು ಮಾಷ್ಟ್ರೇ?

ರಾತ್ರಿ ಎಂಟಕ್ಕೆ ನನ್ನ ಆನ್‌ಲೈನ್ ಇಂಗ್ಲಿಷ್ ಕ್ಲಾಸು. ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಕೆ ತೋಟದ ನಡುವೆ. ನೆಟ್‌ವರ್ಕು ಸಿಗುವುದು ಅಡಿಗೆಕೋಣೆಯ ಕಿಟಕಿ ಪಕ್ಕದಲ್ಲಿ ಮಾತ್ರ. ಹಾಗಾಗಿ ಲ್ಯಾಪ್‌ಟಾಪು ಅಕ್ಕಿ ಡಬ್ಬದ ಮೇಲೆ, ನಾನು ಸ್ಟೂಲಿನ ಮೇಲೆ. ಕುಕ್ಕರ್ ಕೂಗಿದರೆ ಶಾರ್ಜಾದಲ್ಲಿರುವ ಉಪ್ಪಳದ ಹುಡುಗ "ಇವತ್ತು ಎಂತ ಪದಾರ್ಥ ಮಾಷ್ಟ್ರೇ?" ಎನ್ನುತ್ತಾನೆ. ಅದನ್ನೇ ಇಂಗ್ಲಿಷಿನಲ್ಲಿ ಕೇಳು ಮಾರಾಯ ಎಂದರೆ ಮ್ಯೂಟ್ ಆಗಿಬಿಡುತ್ತಾನೆ.

ಮೊನ್ನೆ ಸರ್ವನಾಮದ ಪಾಠ. 'ವಿ' ಅಂದರೆ ನಾವು, ಮುಂದೆ ಹೋಗೋಣ ಎಂದೆ. ಪೆರ್ಲದ ಹುಡುಗಿಯೊಬ್ಬಳು ತಡೆದಳು. "ಯಾವ ನಾವು ಮಾಷ್ಟ್ರೇ?"

ಅವಳ ಮನೆಮಾತು ತುಳು. ಎದುರಿಗಿದ್ದವರನ್ನೂ ಸೇರಿಸಿಕೊಂಡರೆ 'ನಮ', ಬಿಟ್ಟು ಹೇಳಿದರೆ 'ಎಂಕುಲು'. ಮಲಯಾಳದಲ್ಲೂ ಎರಡುಂಟು. ನಮ್ಮ ಹವ್ಯಕರ ಮನೆಯಲ್ಲಿ 'ನಾವು' ಬೇರೆ, 'ಎಂಗೊ' ಬೇರೆ. ಮದುವೆಗೆ ಹೊರಟವರು 'ನಾವು' ಅಂದರೆ ನೀವೂ ಸೀರೆ ಉಡಬಹುದು, 'ಎಂಗೊ' ಅಂದರೆ ಸುಮ್ನೆ ಮನೆ ಕಾಯಬೇಕು. ಇಂಗ್ಲಿಷಿನ 'ವಿ'ಗೆ ಈ ಸೂಕ್ಷ್ಮ ಗೊತ್ತಿಲ್ಲ. ಪುಸ್ತಕದ ಕನ್ನಡಕ್ಕೂ ಗೊತ್ತಿಲ್ಲ, ಆದರೆ ಅದನ್ನು ನಾನು ಕ್ಲಾಸಿನಲ್ಲಿ ಹೇಳಲಿಲ್ಲ.

ನಾನು ಶಾಲೆಯಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಕಲಿತದ್ದು ಬೆತ್ತದ ಭಯಕ್ಕೆ. ಐವತ್ತು ಸಲ ಬರೆದೆ, ಒಂದು ಸಲವೂ ಅರ್ಥವಾಗಲಿಲ್ಲ. ಅರ್ಥವಾದದ್ದು ಪಾಠ ಹೇಳಲು ಶುರುಮಾಡಿದ ಮೇಲೆ, ಅದೂ ನಮ್ಮ ಅಂಗಳದಲ್ಲಿ. ಅಡಕೆ ಕೊಯ್ಯಲು ಬಂದವರ ಹತ್ತಿರ ಪಿಕಪ್ಪಿನವನು ಬಂದನಾ ಎಂದು ಕೇಳಿದೆ. ತುಳುವಿನಲ್ಲಿ "ಬೈದೆ" ಎಂದರು. ಬಂದಿದ್ದಾನೆ, ಅಗೋ ಗೇಟಿನ ಹತ್ತಿರ ಬೀಡಿ ಸೇದುತ್ತಾ ನಿಂತಿದ್ದಾನೆ. ಆಮೇಲೆ ಹೋದ ವರ್ಷದ ಕತೆ ಹೇಳುವಾಗ ಅವರ ಬಾಯಲ್ಲಿ ಬಂದದ್ದು 'ಬತ್ತೆ'. ಅರೆ, ಇದೇ ಅಲ್ವಾ 'ಹ್ಯಾಸ್ ಕಮ್' ಮತ್ತು 'ಕೇಮ್'! ಕನ್ನಡದಲ್ಲಿ 'ನಿನ್ನೆ ಬಂದಿದ್ದಾನೆ' ಅಂದರೂ ನಡೆಯುತ್ತದೆ. ಅದಕ್ಕೇ ನಮ್ಮವರು 'ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ' ಎಂದು ಧೈರ್ಯವಾಗಿ ಬರೆಯುವುದು.

ಈಗ ಯಾರ ತಪ್ಪು ಎಲ್ಲಿಂದ ಬಂತೆಂದು ವಾಸನೆ ಹಿಡಿಯಬಲ್ಲೆ. ಮಲಯಾಳದಲ್ಲಿ ನಾನು, ಅವಳು, ಅವರು, ಯಾರು ಬಂದರೂ 'ವನ್ನು' ಒಂದೇ. ಹಾಗಾಗಿ ನೀಲೇಶ್ವರದ ಶಿಷ್ಯೆ 'ಶಿ ಕಮ್' ಎಂದರೆ ಸಿಟ್ಟು ಬರುವುದಿಲ್ಲ. ಇಂಗ್ಲಿಷಿನ ಆರ್ಟಿಕಲ್ 'ದ' ಒಂದು ಜಾಸ್ತಿ ಕಾಡುತ್ತದೆ. ಆದರೆ 'ಅಡಕೆ ಸುಲಿದೆ' ಎಂಬುದಕ್ಕೂ 'ಅಡಕೆಯನ್ನು ಸುಲಿದೆ' ಎಂಬುದಕ್ಕೂ ಎಲ್ಲೋ ಒಂದು ಕೂದಲೆಳೆ ವ್ಯತ್ಯಾಸ ಇದೆಯಲ್ಲ? ಎರಡನೆಯದರಲ್ಲಿ ಯಾವ ಅಡಕೆ ಎಂದು ಇಬ್ಬರಿಗೂ ಗೊತ್ತು. 'ದ' ಅಡಗಿ ಕೂತಿರುವುದು ಅಲ್ಲೇ.

ಆ ಹುಡುಗಿಯ ಪ್ರಶ್ನೆ ಮಾತ್ರ ಬಿಡುತ್ತಿಲ್ಲ. ಪ್ರತಿ ನವೆಂಬರ್ 1ಕ್ಕೆ ತಲಪಾಡಿ ಗಡಿಯಾಚೆಯ ಕರ್ನಾಟಕದ ಗೆಳೆಯರಿಂದ 'ನಾವೆಲ್ಲ ಒಂದಾದ ದಿನ' ಎಂದು ಮೆಸೇಜು ಬರುತ್ತದೆ. 1956ರಲ್ಲಿ ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ಆ 'ನಾವು' ನಮವೋ ಎಂಕುಲೋ? ಕೇಳಿದರೆ ಬೇಜಾರು ಮಾಡಿಕೊಂಡಾರು. ಒಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತೇನೆ.

ನಿನ್ನೆ ಶಾರ್ಜಾದ ಹುಡುಗನ ಹೋಂವರ್ಕ್ ಬಂತು. 'ವಿ ಆರ್ ಗೋಯಿಂಗ್ ಟು ಊಟಿ ಇನ್ ಮೇ. ವಿ ಮೀನ್ಸ್ ಎಂಕುಲು, ನಾಟ್ ಯು ಮಾಷ್ಟ್ರೇ.' ಎರಡು ಸಲ ಓದಿದೆ. ಕೆಂಪು ಗೆರೆ ಎಳೆಯಲು ಏನೂ ಸಿಗಲಿಲ್ಲ.