ಸ್ಪಷ್ಟನೆ: ‘ಯುಎ 16+’ ಎಂದರೆ ಪ್ರವೇಶ ನಿಷೇಧವಲ್ಲ
ಸೆನ್ಸಾರ್ ಮಂಡಳಿಯಿಂದ ‘ಯುಎ 16+’ (ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ) ಪ್ರಮಾಣಪತ್ರ ಪಡೆದ ಚಿತ್ರಕ್ಕೆ ಹದಿನಾರು ತುಂಬದವರನ್ನು ಬಿಡುವಂತಿಲ್ಲ, ‘ಎ’ (ವಯಸ್ಕರಿಗೆ ಮಾತ್ರ) ಚಿತ್ರಕ್ಕಾದರೆ ಅಪ್ಪ-ಅಮ್ಮ ಜೊತೆಗಿದ್ದರೆ ಸಾಕು ಎಂಬ ಸಂದೇಶವೊಂದು ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದರ ಎರಡೂ ಮಾತುಗಳು ತಲೆಕೆಳಗಾಗಿವೆ.

ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯು ‘ಯುಎ’ಯನ್ನು 7+, 13+, 16+ ಎಂದು ವಿಂಗಡಿಸಿತಾದರೂ, ಆ ಅಂಕಿಗಳು ಮಗುವಿಗೆ ಚಿತ್ರ ತಕ್ಕುದೇ ಎಂದು ಪೋಷಕರು ತೀರ್ಮಾನಿಸಲು ನೆರವಾಗುವ ಸೂಚನೆಗಳಷ್ಟೇ, ಅವನ್ನು ನೋಡಿ ಬಾಗಿಲಲ್ಲಿ ಮಕ್ಕಳನ್ನು ತಡೆಯಬೇಕೆಂದು ಕಾನೂನು ಹೇಳುವುದಿಲ್ಲ. ‘ಎ’ ಚಿತ್ರದ ವಿಷಯ ಬೇರೆ. ಹದಿನೆಂಟು ತುಂಬದವರಿಗೆ ಅದನ್ನು ತೋರಿಸುವುದು 1952ರ ಮೂಲ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ದಂಡಕ್ಕೆ ಗುರಿಯಾಗಬಹುದಾದ ತಪ್ಪು. ಹೊಣೆ ಬೀಳುವುದು ನೋಡಿದ ಹುಡುಗನ ಮೇಲಲ್ಲ, ತೋರಿಸಿದವರ ಮೇಲೆ. ಹೀಗಾಗಿ ‘ಎ’ ಚಿತ್ರಕ್ಕೆ ಗೇಟಿನಲ್ಲಿ ಆಧಾರ್ ಕೇಳುವ ಸಿಬ್ಬಂದಿಯೊಂದಿಗೆ ಪೋಷಕರು ವಾದಿಸಿ ಫಲವಿಲ್ಲ.