ಉಮೇದು ಅನ್ನೋ ಮಾತು

ಇವತ್ತು ಸಂಜೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನವೆಂಬರ್ 1ರ ಕಾರ್ಯಕ್ರಮಕ್ಕೆ ಮಕ್ಕಳ ಡಾನ್ಸ್ ಪ್ರಾಕ್ಟೀಸ್ ಇತ್ತು. ಹೇಳಿಕೊಡುವವರು ಎರಡು ನಿಮಿಷಕ್ಕೊಮ್ಮೆ 'ಎನರ್ಜಿ! ಎನರ್ಜಿ ಸಾಲ್ತಿಲ್ಲ!' ಅಂತ ಕೂಗುತ್ತಿದ್ದರು. ಅಣ್ಣನ ಮಗಳಿಗೆ ಆರು ವರ್ಷ. ಬೆವರಿಕೊಂಡು ನನ್ನ ಹತ್ತಿರ ಓಡಿ ಬಂದು, 'ಅತ್ತೆ, ನಾನು ಹಾಲು ಕುಡಿದೇ ಬಂದಿದೀನಲ್ವಾ?' ಅಂದಳು.

ಕರುಳು ಚುರುಕ್ ಅಂತು. ಮಗುವಿನ ಹೊಟ್ಟೆಗೆ ಏನೂ ಕಡಿಮೆ ಆಗಿರಲಿಲ್ಲ. ಒಂದೇ ಹೆಜ್ಜೆ ಹತ್ತಾರು ಸಲ ಹಾಕಿಸಿ ಅವಳ ಉಮೇದು ಇಳಿಸಿಬಿಟ್ಟಿದ್ದರು. ಕನ್ನಡದ ಹಬ್ಬಕ್ಕೇ ಈ ಮಾತು ನೆನಪಾಗಲಿಲ್ಲವಲ್ಲ ಅಂತ ಸಿಟ್ಟು ಬಂತು.

ನಮ್ಮ ಧಾರವಾಡದ ಕಡೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತಿದು. ನಾನು ಬಡಿದ ರೊಟ್ಟಿಯ ಅಂಚು ದಪ್ಪ ಉಳಿದರೆ ಸಾಕು, ನನ್ನ ಮನಸ್ಸು ಎಲ್ಲಿದೆ ಅಂತ ಅವ್ವನಿಗೆ ಗೊತ್ತಾಗುತ್ತಿತ್ತು. 'ಉಮೇದ್ ಇರ್ಲಿಲ್ಲಂದ್ರ ಬಿಡವಾ, ನಾ ಬಡೀತೀನಿ' ಅಂತ ಹಿಟ್ಟಿನ ಉಂಡೆ ಕಿತ್ತುಕೊಳ್ಳುತ್ತಿದ್ದಳು. ಹುಕಿ ಬೇರೆ. ಹುಕಿ ಬಂದರೆ ರಾತ್ರಿ ಹತ್ತಕ್ಕೆ ಕಪಾಟು ಖಾಲಿ ಮಾಡಿ ಕೂರುತ್ತೇವೆ, ಅರ್ಧಕ್ಕೇ ಇಳಿದುಹೋಗುತ್ತದೆ. ಜೋಶ್‌ಗೆ ನಾಲ್ಕು ಜನ, ಬಾರಿಸೋಕೆ ಒಂದು ಹಲಗಿ ಬೇಕು. ಉಮೇದು ಒಬ್ಬರೇ ಇದ್ದಾಗಲೂ ಇರುತ್ತದೆ.

'ಅದೂ ಪರ್ಷಿಯನ್ ಭಾಷೆಯಿಂದ ಬಂದದ್ದೇ' ಅಂತ ಯಾರಾದರೂ ಹೇಳುತ್ತೀರಿ. ಹೌದು. ಹಿಂದಿಯಲ್ಲಿ ಉಮ್ಮೀದ್ ಅಂದರೆ ಇವತ್ತಿಗೂ ಭರವಸೆ. ಚುನಾವಣೆಗೆ ನಿಂತವರನ್ನು ಉಮೇದುವಾರ ಅನ್ನುವಾಗ ಆ ಹಳೇ ಅರ್ಥ ಇನ್ನೂ ಇದೆ. ನಮ್ಮ ಅಡುಗೆಮನೆ, ಹೊಲಕ್ಕೆ ಬಂದ ಮೇಲೆ ಅದು ಕೆಲಸದ ಹುರುಪಾಯಿತು. ಎನರ್ಜಿಯೂ ಹಾಗೇ ನಮ್ಮದಾಗಬಹುದಲ್ವಾ ಅಂದರೆ, ಆಗಲಿ. ಆದರೆ ಬ್ಯಾಟರಿಗೂ ಮಗುವಿನ ಕುಣಿತಕ್ಕೂ ಒಂದೇ ಮಾತು ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಪ್ಪ ಕೊನೆಯ ವರ್ಷ ಹಾಸಿಗೆ ಹಿಡಿದಿದ್ದರು. ಚಮಚ ಎತ್ತಲೂ ಕೈಯಲ್ಲಿ ಕಸುವು ಇರಲಿಲ್ಲ. ದಸರೆ ಮುಗಿದ ವಾರ, ಒಂದು ಮುಂಜಾನೆ, 'ಕಡ್ಲಿ ಬೀಜ ತಂದ್ರ್ಯಾ? ಎರಿ ಹೊಲದಾಗ ಹಸಿ ಆರಾಕತ್ತೈತಿ' ಅಂದರು. ಕಣ್ಣು ಹೊಳೆಯುತ್ತಿತ್ತು. ಅವ್ವ ಅವರ ಬಾಯಿಯನ್ನು ಸೆರಗಿನಿಂದ ಒರೆಸುತ್ತಾ 'ಇವರ ಉಮೇದ್ ನೋಡು' ಅಂದಳು. ಅದನ್ನು ಎನರ್ಜಿ ಅನ್ನಲು ನನ್ನ ಬಾಯಿ ಬರುವುದಿಲ್ಲ.

ನಾಳೆಯೂ ಪ್ರಾಕ್ಟೀಸ್ ಇದೆ. ಮಕ್ಕಳನ್ನು ಹತ್ತು ನಿಮಿಷ ಸುಮ್ನೆ ಆಟಕ್ಕೆ ಬಿಡಿ, ಉಮೇದು ತಾನೇ ಬರುತ್ತದೆ ಅಂತ ಆ ಮೇಡಮ್‌ಗೆ ಹೇಳಿಯೇ ಬರುತ್ತೇನೆ.