ಅದ್ಯಾವ ಕಾರು ಮಾಮಾ?

ತೊಂಬತ್ತರ ದಶಕದ ಅತಿ ವೇಗದ ಹತ್ತು ಕಾರುಗಳಂತೆ. ಅಕ್ಕನ ಮಗ ಆ ವಿಡಿಯೋ ತೋರಿಸಿದ. ಕೊನೇವರೆಗೂ ನೋಡಿದೆ. ಜಾಗ್ವಾರ್ ಎಕ್ಸ್‌ಜೆ220 ಬರಲೇ ಇಲ್ಲ! ರೇಗಿದೆ. ಹುಡುಗ ತಣ್ಣಗೆ ಕೇಳಿದ, "ಅದ್ಯಾವ ಕಾರು ಮಾಮಾ?"

ನನ್ನ ಕಾರಿನ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ರಾತ್ರಿ ನಿದ್ದೆ ಬರಲಿಲ್ಲ.

1992ರಲ್ಲಿ ಇಟಲಿಯ ನಾರ್ದೋ ಟ್ರ್ಯಾಕಿನಲ್ಲಿ ಗಂಟೆಗೆ 217 ಮೈಲಿ, ಅಂದರೆ ಹೆಚ್ಚುಕಮ್ಮಿ 350 ಕಿಲೋಮೀಟರ್ ಓಡಿದ ಕಾರು ರೀ ಅದು. ಓಡಿಸಿದ್ದು ರೇಸ್ ಚಾಲಕ ಮಾರ್ಟಿನ್ ಬ್ರಂಡಲ್. ಅದನ್ನೇ ಮರೆತುಬಿಟ್ಟರೆ?

"ಕಡಿಮೆ ತಯಾರಿಸಿದ್ದರು, ಅದಕ್ಕೇ ಮರೆತರು" ಅಂತ ಯಾರಾದರೂ ಹೇಳಬಹುದು. ಸುಮ್ನಿರಿ ಸ್ವಾಮಿ. ಎಕ್ಸ್‌ಜೆ220 ತಯಾರಾಗಿದ್ದು 280ರ ಆಸುಪಾಸು. ಮೆಕ್‌ಲಾರೆನ್ ಎಫ್1 ಅನ್ನೋ ಅದೇ ಕಾಲದ ಕಾರು ಎಲ್ಲಾ ಸೇರಿ 106. ಅದನ್ನು ಮಾತ್ರ ಎಲ್ಲರೂ ಜಪ ಮಾಡುತ್ತಾರೆ. ಸಂಖ್ಯೆ ಕಾರಣ ಅಲ್ಲವೇ ಅಲ್ಲ. ಹೇಳುವ ಬಾಯಿ ಇರಬೇಕು, ಅಷ್ಟೇ.

ಮೆಕ್‌ಲಾರೆನ್‌ಗೆ ಹೇಳೋಕೆ ಖುಷಿಯ ಕಥೆ ಇತ್ತು. 1995ರಲ್ಲಿ ಫ್ರಾನ್ಸಿನ 24 ಗಂಟೆಯ ರೇಸು ಲೆ ಮಾನ್ಸ್ ಗೆದ್ದಿತು. ಜಾಗ್ವಾರ್‌ದು ಬರೀ ಮುಜುಗರ. 1988ರಲ್ಲಿ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ತೋರಿಸಿದ್ದು ವಿ12, ಅಂದರೆ ಹನ್ನೆರಡು ಸಿಲಿಂಡರಿನ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. ಆಮೇಲೆ ಕೈಗಿಟ್ಟಿದ್ದು ಆರೇ ಸಿಲಿಂಡರಿನ ಟರ್ಬೊ ವಿ6, ಹಿಂದಿನ ಎರಡೇ ಚಕ್ರಕ್ಕೆ. ಅಷ್ಟರಲ್ಲಿ ಮಾರುಕಟ್ಟೆ ಬಿದ್ದುಹೋಗಿತ್ತು. ಬುಕ್ ಮಾಡಿದವರು ಜಾರಿಕೊಳ್ಳೋಕೆ ನೋಡಿದರು, ವಿಷಯ ಕೋರ್ಟಿಗೂ ಹೋಯಿತು. 1993ರ ಲೆ ಮಾನ್ಸ್‌ನಲ್ಲಿ ತನ್ನ ವರ್ಗದಲ್ಲಿ ಮೊದಲು ಬಂದರೂ ಆಮೇಲೆ ಅನರ್ಹ ಅಂದರು. ಪಾಪ! ಎಲ್ಲರೂ ಸಿಲಿಂಡರ್ ಎಣಿಸುತ್ತ ಕೂತರು. ಓಡಿದ್ದನ್ನು ಯಾರು ನೋಡಿದರು?

ಬುಗಾಟಿ ಇಬಿ110 ಕಥೆ ಇನ್ನೂ ಹೊಟ್ಟೆ ಉರಿಸುತ್ತೆ. 1991ರ ಕಾರು, ವಿ12ಗೆ ನಾಲ್ಕು ಟರ್ಬೊ. ಫಾರ್ಮುಲಾ ಒನ್ ಚಾಂಪಿಯನ್ ಶೂಮಾಕರ್ ಕೂಡ ಒಂದು ಹಳದಿ ಕಾರು ಕೊಂಡಿದ್ದ. 1995ರಲ್ಲಿ ಕಂಪನಿ ದಿವಾಳಿ. ಇಟಲಿಯ ಕಾಂಪೊಗಾಲಿಯಾನೊದ ಆ ಚೆಂದದ ಫ್ಯಾಕ್ಟರಿ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 1998ರಲ್ಲಿ ಫೋಕ್ಸ್‌ವ್ಯಾಗನ್ ಬುಗಾಟಿ ಹೆಸರು ಕೊಂಡಿತು. ಆಮೇಲೆ ಎಲ್ಲರ ಬಾಯಲ್ಲೂ ಅವರ ಹೊಸ ಕಾರು ವೇರಾನ್, ವೇರಾನ್. 2019ರಲ್ಲಿ ಇದ್ದಕ್ಕಿದ್ದಂತೆ ಇಬಿ110 ಮೇಲೆ ಪ್ರೀತಿ ಉಕ್ಕಿ ಬಂತು. ಯಾಕೆ ಗೊತ್ತಾ? ಅದರ ನೆನಪಿಗೆ ಅಂತ ಚೆಂತೊದಿಯೆಚಿ ಅನ್ನೋ ಹೊಸ ಕಾರು ಬಿಟ್ಟರು. ಹತ್ತೇ ಹತ್ತು. ಒಂದಕ್ಕೆ 80 ಲಕ್ಷ ಯೂರೊ. ನೆನಪಿಗೂ ರೇಟ್ ಇದೆ ನೋಡಿ.

ಇನ್ನು ಇಂಥ ಕಾರುಗಳ ಮಾಲೀಕರು. ಇವರ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು. ಎಸಿ ಹಾಕಿದ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಮಲಗಿಸಿರುತ್ತಾರೆ. ಮೀಟರ್ ಓಡಿದಷ್ಟೂ ಬೆಲೆ ಇಳಿಯುತ್ತೆ ಅಂತ ಭಯ. ರಸ್ತೆಗೇ ಬರದ ಕಾರನ್ನು ಮಕ್ಕಳು ಎಲ್ಲಿ ನೋಡಬೇಕು? ಯಾವ ಸದ್ದು ಕೇಳಿ ತಿರುಗಬೇಕು? "ಹಾಳಾದರೆ ಬಿಡಿಭಾಗ ಸಿಗಲ್ಲ" ಅನ್ನುತ್ತಾರೆ. ನಿಜ, ಒಪ್ಪಿದೆ. ಆದರೂ ಭಾನುವಾರ ಒಂದು ಸುತ್ತು ಹೋದರೆ ಗಂಟೇನು ಹೋಗುತ್ತೆ?

ಇಷ್ಟು ಟೈಪ್ ಮಾಡಿ ತಲೆ ಎತ್ತಿದೆ. ಎದುರಿಗೇ ಬೀರು. ಅದರ ಮೇಲೆ ಬೆಳ್ಳಿ ಬಣ್ಣದ ಎಕ್ಸ್‌ಜೆ220, ಅಂಗೈ ಅಗಲದ ಮಾದರಿ. ಹನ್ನೊಂದು ವರ್ಷದಿಂದ ಅಲ್ಲೇ ಇದೆ. ಡಬ್ಬ ಒಡೆದಿಲ್ಲ, ಒಡೆದರೆ ಬೆಲೆ ಹೋಗುತ್ತೆ ಅಂತ. ಅಕ್ಕನ ಮಗ ನಾಲ್ಕು ವರ್ಷದವನಿದ್ದಾಗ ಕುರ್ಚಿ ಹಾಕಿಕೊಂಡು ಅದಕ್ಕೆ ಕೈ ಚಾಚಿದ್ದ. ಬೈದು ಇಳಿಸಿದ್ದು ನಾನೇ.